ನೋಲೀನ್ ಗೂನು ಇಳಿದ ದಿನ

ನೋಲೀನ್ ಕೈಲಿ ಗೂನು ಇಳಿಯುವುದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಜುಲೈ ಮೊದಲ ವಾರದಲ್ಲೇ ನಾನು ಡೆಸ್‌ಗೆ ಹೇಳಿದ್ದೆ. ಅವಳಿಗೆ ಅರವತ್ತೊಂದು ವರ್ಷ. ಎಡಗಾಲಿನ ಮಂಡಿ ಮೊದಲೇ ಒಮ್ಮೆ ಕೈಕೊಟ್ಟಿತ್ತು. ಭೂಮಿಯ ದಕ್ಷಿಣಾರ್ಧದ ನಮ್ಮ ದೇಶಕ್ಕೆ ಚಳಿಗಾಲ ಬರುವುದೇ ಜೂನ್ ಜುಲೈಯಲ್ಲಿ; ಅಂಥ ಇಪ್ಪತ್ತೇಳು ಚಳಿಗಾಲ ಅವಳು ನಮ್ಮ ಸ್ಕೀ ಕ್ಲಬ್ಬಿನ ಬಿಡಾರಕ್ಕೆ ಬಂದಿದ್ದಳು. ಅಷ್ಟೂ ವರ್ಷ ತೊಟ್ಟಿಲು ಬಿಟ್ಟು ಆಚೆ ಹೋದವಳಲ್ಲ.

ತೊಟ್ಟಿಲು ಎಂದರೆ ಬಿಡಾರದ ಎದುರಿಗೇ ಇರುವ ಇಳಿಜಾರು. ನಿಂತಲ್ಲಿಂದಲೇ ಅದರ ಕೊನೆ ಕಾಣುತ್ತದೆ, ಬಿದ್ದರೂ ಉರುಳಿಕೊಂಡು ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತೀರಿ. ದೊಡ್ಡ ರಿಸಾರ್ಟುಗಳಲ್ಲಾದರೆ ಸುಲಭದ್ದಕ್ಕೆ ಹಸಿರು, ನಡುವಿನದಕ್ಕೆ ನೀಲಿ, ಕಷ್ಟದ್ದಕ್ಕೆ ಕಪ್ಪು ಎಂದು ಬಣ್ಣದ ಫಲಕ ನೆಟ್ಟಿರುತ್ತಾರೆ. ನಮ್ಮದು ಬಡ ಕ್ಲಬ್ಬು. ಫಲಕವಿಲ್ಲ, ಹೆಸರುಗಳಿವೆ. ತೊಟ್ಟಿಲು ದಾಟಿದವರು ಹೋಗಬೇಕಾದದ್ದು ಗೂನಿಗೆ, ಬಿಡಾರದ ಮೇಲಿನ ಕಡಿದಾದ ಇಳಿಜಾರಿಗೆ. ಅದರ ನೆತ್ತಿಯಲ್ಲಿ ನಿಂತು ನೋಡಿದರೆ ಬೆನ್ನು ಉಬ್ಬಿಕೊಂಡು ಅಲ್ಲಿಗೇ ಮುಗಿದುಹೋದಂತೆ ಇರುತ್ತದೆ. ಅದರಾಚೆ ಏನಿದೆ ಎಂದು ಇಳಿದವರಿಗೇ ಗೊತ್ತು.

ಬಿಡಾರ ಕಟ್ಟಿದ ಹಿರಿಯರು ಒಂದು ಕಟ್ಟಳೆ ಮಾಡಿ ಹೋಗಿದ್ದಾರೆ. ಹಗ್ಗ ಹಿಡಿದು ಮೇಲೆ ಹೋಗಿ, ಗೂನು ಇಳಿದು, ತಿರುವಿನ ಕಂಬದ ಬಳಿ ನಿಂತ ಕ್ಯಾಪ್ಟನ್ ಕಣ್ಣೆದುರು ಹಾದುಬಂದವರೇ ಸದಸ್ಯರು. ಅವರಿಗೆ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಹೆಸರು ಬರೆದ ಒಂದು ಲೋಟ. ಉಳಿದವರೆಲ್ಲ ಸದಸ್ಯರ ಹೆಂಡತಿ, ಸದಸ್ಯರ ಗಂಡ, ಸದಸ್ಯರ ಅತ್ತೆ. ಅವರು ಟಬ್ಬಿನಲ್ಲಿ ರಾಶಿ ಹಾಕಿದ ಬಿಳಿ ಲೋಟಗಳಲ್ಲಿ ಕುಡಿಯಬೇಕು. ಸದಸ್ಯ ಸತ್ತರೆ ಮನೆಯವರಿಗೆ ಇನ್ನೊಂದು ಚಳಿಗಾಲದ ಅವಕಾಶವಿದೆ. ಆಮೇಲೆ ಅವರ ಮಂಚ ಬೇರೆಯವರ ಪಾಲು. ನೋಲೀನ್ ಗಂಡ ಅಲಿಸ್ಟರ್ ಅದರ ಹಿಂದಿನ ನವೆಂಬರಿನಲ್ಲಿ ದೋಣಿಗೆ ಬಣ್ಣ ಹೊಡೆಯುತ್ತಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಡೆಸ್ ನಮ್ಮ ಅಧ್ಯಕ್ಷ. ಒಳ್ಳೆಯವನು, ಆ ಒಳ್ಳೆಯತನವೇ ಅವನ ರೋಗ. ಸೀಸನ್ನಿನ ಮೊದಲ ದಿನ ಎಲ್ಲರೂ ಗಂಜಿ ತಿನ್ನುತ್ತಿರುವಾಗ ಎದ್ದು ನಿಂತು, "ನೋಲೀನ್, ಸುಮ್ನೆ ನಿನ್ನ ಗೌರವ ಸದಸ್ಯೆ ಮಾಡ್ಬಿಡೋಣ. ಇಪ್ಪತ್ತೇಳು ವರ್ಷ ನಮಗೆಲ್ಲ ಬೇಯಿಸಿ ಹಾಕಿದೀಯ" ಎಂದ.

"ಬೇಯಿಸಿ ಹಾಕಿದ್ದಕ್ಕೆ ಮೊಳೆ ಕೊಡ್ತೀಯಾ ಡೆಸ್? ಹಾಗಾದ್ರೆ ಆ ಗ್ಯಾಸ್ ಒಲೆಗೂ ಒಂದು ಹೊಡಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ನನಗೆ ದಾನ ಬೇಡ. ಇಷ್ಟು ವರ್ಷ ಅಲಿಸ್ಟರ್ ಹೆಂಡ್ತಿ ಅಂತ ಬಂದೆ. ಈಗ ಅವನಿಲ್ಲ. ಇನ್ಮೇಲೆ ನಾನು ಯಾರು ಅಂತ ಬರ್ಲಿ? ಗೂನು ಇಳೀತೀನಿ. ಇಳಿದ್ರೆ ನನ್ನ ಮೊಳೆ ನನಗೆ. ಇಳೀಲಿಲ್ಲ ಅಂದ್ರೆ ಮಂಚ ಬಿಟ್ಟು ಹೋಗ್ತೀನಿ, ಯಾರೂ ಬಾಯಿ ಬಿಡ್ಬೇಡಿ."

ಆ ವರ್ಷ ಕ್ಯಾಪ್ಟನ್ ನಾನು. ಕಲಿಸುವ ಕೆಲಸ ನನ್ನ ತಲೆಗೆ ಬಂತು.

ಕಲಿಸುವವಳಾಗಿ ನಾನು ಕೆಟ್ಟವಳು, ಒಪ್ಪುತ್ತೇನೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದವಳು, ಮೆಲ್ಲಗೆ ಮಾತಾಡಿದರೆ ಕೆಲಸವಾಗುವುದಿಲ್ಲ ಎಂದು ನಂಬಿದವಳು. ನೋಲೀನ್ ತೊಟ್ಟಿಲಿನಲ್ಲಿ ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ಮೂತಿ ಕೂಡಿಸಿ, ಹಿಂಬದಿ ಅಗಲಿಸಿ, ಬ್ರೇಕು ಹಾಕುತ್ತಾ ಹಾಕುತ್ತಾ ಇಳಿಯುತ್ತಿದ್ದಳು. ಅಷ್ಟನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ತುಸು ಕಡಿದಾದ ಜಾಗ ಬಂದ ಕೂಡಲೇ ಮೈಯೆಲ್ಲ ಗುಡ್ಡದ ಕಡೆಗೆ, ಹಿಂದಕ್ಕೆ. ಹಿಂದಕ್ಕೆ ವಾಲಿದರೆ ಹಲಗೆ ಹಿಡಿತಕ್ಕೆ ಸಿಗುವುದಿಲ್ಲ, ನಿಮ್ಮನ್ನು ಬಿಟ್ಟು ಅದೇ ಓಡುತ್ತದೆ.

"ಎಷ್ಟು ಸಲ ಬಡ್ಕೊಳ್ಳಲೇ? ಕಣಿವೆ ಕಡೆಗೆ ವಾಲು!"

"ಕಣಿವೆ ಕಡೆ ವಾಲಿದ್ರೆ ಕಣಿವೆಗೇ ಹೋಗ್ತೀನಿ ಕಣೇ!"

"ಹಿಂದಕ್ಕೆ ವಾಲಿದ್ರೆ ಇನ್ನೂ ಬೇಗ ಹೋಗ್ತೀಯ. ನೋಡು, ಹೋದೆ."

ಅವಳು ಹಿಮದಲ್ಲಿ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದಳು. "ಶೋನಾ, ಹೆರಿಗೆ ನೋವು ತಿಂತಿದ್ದವರ ಹತ್ರಾನೂ ನೀನು ಹೀಗೇ ಮಾತಾಡ್ತಿದ್ಯಾ?"

"ಇದಕ್ಕಿಂತ ಜೋರಾಗಿ. ಏಳು."

ಮಕ್ಕಳಾದರೆ ಒಂದು ವಾರದಲ್ಲಿ ತೊಟ್ಟಿಲು ದಾಟುತ್ತವೆ. ಅವಕ್ಕೆ ಬೀಳುವುದು ಆಟ. ಅರವತ್ತರ ಮೈ ಹಾಗಲ್ಲ. ಬೀಳುವ ಮೊದಲೇ ಅದಕ್ಕೆ ಬಿದ್ದಂತಾಗಿರುತ್ತದೆ. ತಲೆಗೆ ತಿಳಿದದ್ದನ್ನು ಸೊಂಟ ಕೇಳುವುದಿಲ್ಲ, ಸೊಂಟ ಕೇಳಿದರೆ ಮಂಡಿ ಕೇಳುವುದಿಲ್ಲ. ಇವತ್ತು ಬಂದ ತಿರುವು ನಾಳೆ ಬೆಳಿಗ್ಗೆ ಮಾಯವಾಗಿರುತ್ತಿತ್ತು. ಇಡೀ ಜುಲೈ ಹೀಗೇ ಹೋಯಿತು.

ಇಷ್ಟು ಸಾಲದು ಎಂಬಂತೆ ಹಗ್ಗ ಬೇರೆ. ಗೂನಿಗೆ ಹೋಗಲು ನಮ್ಮಲ್ಲಿ ತಂತಿಯ ಮೇಲೆ ಕೂತು ಹೋಗುವ ಕುರ್ಚಿ ಗಿರ್ಚಿ ಇಲ್ಲ. ಟ್ರ್ಯಾಕ್ಟರ್ ಎಂಜಿನ್ನಿನಿಂದ ಓಡುವ ಒಂದು ಹಗ್ಗ ಇದೆ. ಓಡುವ ಹಗ್ಗವನ್ನು ಮೊದಲು ಎಡಗೈಯಲ್ಲಿ ಹಿಡಿಯಬೇಕು, ಅದರ ಜೊತೆಗೇ ಜಾರುತ್ತಾ ವೇಗ ಹಿಡಿಯಬೇಕು, ಆ ಕ್ಷಣದಲ್ಲೇ ಸೊಂಟದ ಪಟ್ಟಿಗೆ ಕಟ್ಟಿದ, ಅಡಕತ್ತರಿಯಂಥ ಕಬ್ಬಿಣದ ಇಕ್ಕಳವನ್ನು ಬಲಗೈಯಿಂದ ಬೀಸಿ ಹಗ್ಗಕ್ಕೆ ಕಚ್ಚಿಸಬೇಕು. ಕಚ್ಚಿದರೆ ಮೇಲೆ. ತಪ್ಪಿದರೆ ಹಿಂದೆ ಬರುತ್ತಿರುವವರನ್ನೂ ಗುಡಿಸಿಕೊಂಡು ಕೆಳಗೆ. ದಾರಿಯುದ್ದಕ್ಕೂ ರಾಟೆಗಳು ಕೈಯ ಪಕ್ಕದಲ್ಲೇ ಕಟಕಟ ಎಂದು ಹಾದುಹೋಗುತ್ತವೆ, ಬೆರಳು ಅತ್ತಿತ್ತ ಆಡಿಸುವಂತಿಲ್ಲ. ಇಳಿಯಲು ಬಲ್ಲ ಎಷ್ಟೋ ಜನ ನಮ್ಮ ಹಗ್ಗಕ್ಕೆ ಹೆದರಿ ಓಡಿಹೋಗಿದ್ದಾರೆ.

ನೋಲೀನ್ ಆಗಸ್ಟಿನ ಮೊದಲ ವಾರ ಹಗ್ಗ ಹಿಡಿದು ಡೆಸ್‌ನನ್ನೂ ಇನ್ನೊಬ್ಬನನ್ನೂ ಕೆಡವಿಕೊಂಡು ಬಂದಳು. ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎರಡನೇ ವಾರ ಅರ್ಧದವರೆಗೆ ಹೋದಳು. ಮೂರನೇ ವಾರ ಮೇಲೆ ಮುಟ್ಟಿದಳು. ಗೂನಿನ ನೆತ್ತಿಯಲ್ಲಿ ನಿಂತು, ಬೆನ್ನು ಮುಗಿದುಹೋಗುವ ಆ ಅಂಚು ನೋಡಿ, ಹಲಗೆ ಬಿಚ್ಚಿ ಹೆಗಲಿಗೇರಿಸಿ, ಹಗ್ಗದ ಪಕ್ಕದಲ್ಲೇ ನಡೆದುಕೊಂಡು ಕೆಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅದು ಇಳಿಜಾರಲ್ಲ ಶೋನಾ. ಅದು ಕೊನೆ."

ಆ ರಾತ್ರಿ ನಾನು ಡೆಸ್‌ಗೆ ಮತ್ತೆ ಹೇಳಿದೆ, ಆಗುವ ಮಾತಲ್ಲ.

ಸೆಪ್ಟೆಂಬರಿನಲ್ಲಿ ನಾನು ಮುಂದೆ ಇಳಿಯುತ್ತಾ, ಅವಳು ನನ್ನ ಬೆನ್ನನ್ನೇ ನೋಡುತ್ತಾ, ಮೂರು ತಿರುವು ಬಂದವು. ನಾಲ್ಕನೆಯದರಲ್ಲಿ ಬೀಳುತ್ತಿದ್ದಳು. ಬಿದ್ದ ಮೇಲೆ ಎದ್ದರೂ ಮುಂದಿನದಕ್ಕೆ ಧೈರ್ಯ ಉಳಿಯುತ್ತಿರಲಿಲ್ಲ. ಕುಂಡೆಯ ಮೇಲೆ ಜಾರಿಕೊಂಡು ಬರುತ್ತಿದ್ದಳು. ಕಂಬದವರೆಗೆ ಒಂದು ಸಲವೂ ಹಲಗೆಯ ಮೇಲೆ ನಿಂತುಕೊಂಡು ಬರಲಿಲ್ಲ. ಮಂಡಿ ಊದಿಕೊಳ್ಳುತ್ತಿತ್ತು. ಸಂಜೆ ಅವಳು ಅದಕ್ಕೆ ಹೆಪ್ಪುಗಟ್ಟಿದ ಬಟಾಣಿ ಚೀಲ ಇಟ್ಟುಕೊಂಡು ಕೂತರೆ ಬಿಡಾರದಲ್ಲಿ ಯಾರೂ ಆ ಕಡೆ ನೋಡುತ್ತಿರಲಿಲ್ಲ. ನನಗೂ ಅವಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಸಂಕಟವಾದಾಗ ನಾನು ಬೈಯುತ್ತೇನೆ. ಇನ್ನಷ್ಟು ಬೈದೆ.

ಕೊನೆಯ ಶನಿವಾರ ಬಂತು. ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಸೀಸನ್ ಮುಗಿಸುವ ಚಹಾ. ಹೊಸ ಸದಸ್ಯರ ಹೆಸರು ಕೂಗುವುದು ಆಗಲೇ. ಬೆಳಿಗ್ಗೆ ಎರಡು ಸಲ ಹಗ್ಗದಲ್ಲೇ ಜಾರಿ ಬಿದ್ದಳು. ಜಾಕೆಟ್ ಒದ್ದೆ ಮುದ್ದೆಯಾಯಿತು. ಊಟವಾದ ಮೇಲೆ, "ಒಂದೇ ಒಂದು ಸಲ. ಈ ಸಲ ನೀನು ಮುಂದೆ ಇಳೀಬೇಡ. ಕಂಬದ ಹತ್ರ ನಿಂತಿರು. ನಾನೇ ಬರ್ತೀನಿ" ಎಂದಳು.

ಒಂದೂಕಾಲಿಗೆ ನಾನು ಕಂಬದ ಬಳಿ ನಿಂತೆ. ಒಂದೂವರೆಗೆ ಪಶ್ಚಿಮದಿಂದ ಮೋಡ ನುಗ್ಗಿತು. ನನ್ನ ಹಲಗೆಯ ಮೂತಿಯೇ ನನಗೆ ಕಾಣದಾಯಿತು.

ಮೋಡ ಕವಿದರೆ ನಮ್ಮಲ್ಲಿ ನಿಯಮ ಒಂದೇ. ಇಳಿಯುವವರು ಕಂಬ ಸಿಕ್ಕಿದ ಮೇಲೆ ಅಲ್ಲೇ ನಿಂತು ಕೂ ಹಾಕಬೇಕು, ಕ್ಯಾಪ್ಟನ್ ಓಗೊಡುವವರೆಗೆ ಅಲ್ಲಾಡಬಾರದು. ಮೇಲಿನವರೆಲ್ಲ ಇಳಿದರೆಂದು ಖಾತ್ರಿಯಾಗುವವರೆಗೆ ಕ್ಯಾಪ್ಟನ್ನೂ ಕಂಬ ಬಿಡಬಾರದು. ವರ್ಷ ವರ್ಷ ಹೊಸಬರಿಗೆ ಇದನ್ನು ಬಾಯಿಪಾಠ ಮಾಡಿಸುವವಳು ನಾನೇ. ಅರ್ಧ ಗಂಟೆ ನಿಂತೆ. ಕೂ ಹಾಕಿದೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು. ಆಗ ಕೆಳಗೆ ಹಗ್ಗದ ಎಂಜಿನ್ ನಿಂತ ಸದ್ದು ಕೇಳಿತು. ಮೇಲೆ ಯಾರಾದರೂ ಇದ್ದರೆ ಡೆಸ್ ನಿಲ್ಲಿಸುವವನಲ್ಲ. ಈ ವಾರ ಮೂರು ಸಲ ನಡೆದು ಇಳಿದಂತೆ ಈಗಲೂ ಹಗ್ಗ ಬಿಟ್ಟು ನಡೆದಿದ್ದಾಳೆ ಅಂದುಕೊಂಡೆ. ಕಾಲು ಮರಗಟ್ಟಿತ್ತು. ಕೆಳಗೆ ಬಂದೆ.

"ನೋಲೀನ್?" ಎಂದು ಎಂಜಿನ್ ಮನೆಯ ಬಾಗಿಲಲ್ಲಿ ಡೆಸ್‌ನನ್ನು ಕೇಳಿದೆ.

"ಹಗ್ಗ ಹಿಡಿದ್ಲು, ಮೋಡದೊಳಗೆ ಹೋದ್ಲು. ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿ ಹಾರ್ತು. ಅರ್ಧದಲ್ಲೇ ಬಿಟ್ಟಿದ್ದಾಳೆ ಅನ್ಕೊಂಡು ಕಾದು ಕಾದು ನಿಲ್ಲಿಸ್ದೆ. ಒಳಗೆ ಹೋಗಿರ್ಬೇಕು ನೋಡು, ಪಾಪ."

ಒಣಗು ಕೋಣೆಯಲ್ಲಿ ಅವಳ ಕೆಂಪು ಜಾಕೆಟ್ ನೇತಾಡುತ್ತಿತ್ತು. ನನಗೆ ಅಷ್ಟು ಸಾಕಾಯಿತು. ಮೇಲೆ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಹೋಗಿ ಕೆದಕುವುದು ಬೇಡ ಎಂದುಕೊಂಡೆ. ಅವಳದು ಒದ್ದೆಯಾದದ್ದರಿಂದ ಅಲಿಸ್ಟರನ ಹಳೇ ಜಾಕೆಟ್ ಹಾಕಿಕೊಂಡು ಹೋಗಿದ್ದಳೆಂದು ನನಗೆ ಗೊತ್ತಿರಲಿಲ್ಲ. ಹತ್ತು ಮೆಟ್ಟಿಲು ಹತ್ತಿ ಮಂಚ ನೋಡಿದ್ದರೆ ಗೊತ್ತಾಗುತ್ತಿತ್ತು. ಹತ್ತಲಿಲ್ಲ.

ಚಹಾಕ್ಕೆ ಇಪ್ಪತ್ತು ಜನ ಸೇರಿದ್ದರು. ಸ್ಕೋನ್ ಬನ್ನು ಬಿಸಿಯಾಗಿತ್ತು, ಜಾಮ್ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಡೆಸ್ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಕ್ಯಾಪ್ಟನ್, ಏನಾಯ್ತು?" ಎಂದ.

ಇಪ್ಪತ್ತು ಮುಖ ನನ್ನ ಕಡೆ. 'ಇಲ್ಲ' ಎಂದರೆ ಆ ಮಂಚ ಹೋಯಿತು. ಮುಂದಿನ ಚಳಿಗಾಲ ಅವಳು ಊರಿನ ಮನೆಯಲ್ಲಿ ಒಬ್ಬಳೇ ಟಿವಿ ಎದುರು ಕೂತಿರುತ್ತಾಳೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಇಳಿದ್ಲು. ನಾನೇ ನೋಡ್ದೆ. ಚೆನ್ನಾಗೇ ತಿರುಗಿಸಿದ್ಲು."

ಆ ಮೋಡದಲ್ಲಿ ಎಂಥ ಕಣ್ಣಿದ್ದವರಿಗೂ ಏನೂ ಕಾಣುತ್ತಿರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಒಬ್ಬರೂ ನಂಬಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಡೆಸ್‌ನ ಕಣ್ಣು ತುಂಬಿತು. ನನ್ನ ಹೆಗಲು ಒತ್ತಿ, ಸುತ್ತಿಗೆ ತಂದು, ಅಲಿಸ್ಟರನ ಮೊಳೆಯ ಪಕ್ಕದಲ್ಲಿ ಹೊಸದೊಂದು ಹೊಡೆದ. ನನಗೂ, ಸುಳ್ಳು ಹೇಳಬಾರದು, ಹೆಮ್ಮೆಯೇ ಆಯಿತು.

ಆಗ ಬಾಗಿಲು ತೆರೆಯಿತು.

ಗಂಡನ ಹಳೇ ಜಾಕೆಟ್ಟಿನಲ್ಲಿ ನೋಲೀನ್ ನಿಂತಿದ್ದಳು. ಹುಬ್ಬಿನ ಮೇಲೆ, ಕೂದಲಿನ ತುದಿಯಲ್ಲಿ ಮಂಜು ಗಟ್ಟಿಯಾಗಿತ್ತು. ತುಟಿ ನೀಲಿಯಾಗಿತ್ತು. ಅಂಥ ನಗುವನ್ನು ಆ ಮುಖದ ಮೇಲೆ ನಾನು ಅಲಿಸ್ಟರ್ ಇದ್ದಾಗಲೂ ಕಂಡಿರಲಿಲ್ಲ.

"ಇಳಿದೆ!" ಎಂದಳು. "ಇಳಿದೆ ಕಣ್ರೋ! ಮೋಡ ಬಿಡ್ಲಿ ಅಂತ ಮೇಲೆ ಒಂದು ಗಂಟೆ ಕಾದೆ, ಬಿಡ್ಲಿಲ್ಲ. ಏನೂ ಕಾಣ್ತಿರ್ಲಿಲ್ಲ. ಆ ಅಂಚು ಕಾಣ್ಲೇ ಇಲ್ಲ, ಅದಕ್ಕೇ ಹೆದರಿಕೇನೂ ಆಗ್ಲಿಲ್ಲ. ಕಾಲ್ಕೆಳಗಿನ ಹಿಮ ಅಷ್ಟೇ. ಒಂದೊಂದೇ ತಿರುವು. ಒಂದು ಸಲ ಬಿದ್ದೆ, ಎದ್ದೆ, ಮತ್ತೆ ತಿರುಗಿಸ್ದೆ!"

ಮತ್ತೆ ಚಪ್ಪಾಳೆ. "ಗೊತ್ತು ಗೊತ್ತು, ಶೋನಾ ಆಗ್ಲೇ ಹೇಳಿದ್ಲು!" ಎಂದು ಯಾರೋ ಕೂಗಿದರು. ಡೆಸ್ ಮೊಳೆ ತೋರಿಸಿದ.

ಅವಳ ನಗು ಇನ್ನೂ ಇತ್ತು. "ಶೋನಾ ಹೇಳಿದ್ಲಾ? ಏನಂತ?"

"ನೀನು ಕಂಬ ದಾಟಿ ಬಂದದ್ದು ನೋಡಿದ್ಲಂತೆ. ಚೆನ್ನಾಗಿ ತಿರುಗಿಸಿದೆಯಂತೆ," ಎಂದ ಡೆಸ್.

ಅವಳು ನನ್ನ ಕಡೆ ತಿರುಗಿದಳು. ನಾನು ಚಹಾ ಲೋಟದೊಳಗೆ ನೋಡಿದೆ.

"ನಾನು ಕಂಬದ ಹತ್ರ ನಿಂತಿದ್ದೆ," ಎಂದಳು ಮೆಲ್ಲಗೆ. "ಮುಕ್ಕಾಲು ಗಂಟೆ. ಕೂ ಹಾಕ್ತಾ. ನೀನು ಓಗೊಡೋವರೆಗೂ ಅಲ್ಲಾಡ್ಬಾರ್ದು ಅಂತ ನೀನೇ ಹೇಳಿದ್ಯಲ್ಲ. ಅಲ್ಲಿ ಯಾರೂ ಇರ್ಲಿಲ್ಲ ಶೋನಾ."

ಮೂಲೆಯಿಂದ ಯಾರೋ ಕಿಸಕ್ಕೆಂದರು. ಕೆಟ್ಟ ನಗುವಲ್ಲ. ಇಬ್ಬರು ಹೆಂಗಸರು ಸೇರಿ ಆಡಿದ ನಾಟಕದಲ್ಲಿ ಒಬ್ಬಳು ಮಾತು ಮರೆತರೆ ಬರುವ ನಗು ಅದು. ನೋಲೀನ್ ಅದನ್ನು ಕೇಳಿಸಿಕೊಂಡಳು. ಅವಳ ಮುಖ ಸಣ್ಣಗಾಯಿತು.

"ನಾನು ನಿಜವಾಗ್ಲೂ ಇಳಿದೆ," ಎಂದಳು.

"ಹೂಂ ಹೂಂ, ಇಳಿದೆ," ಎಂದ ಡೆಸ್, ಹಲ್ಲು ಬಿದ್ದ ಮಗುವಿಗೆ ಹೇಳುವ ದನಿಯಲ್ಲಿ. "ನಾವೆಲ್ಲ ಒಪ್ಪಿದೀವಲ್ಲ. ಬಾ, ಬೆಂಕಿ ಹತ್ರ ಕೂತ್ಕೋ."

"ನೀವು ಒಪ್ಪೋ ಮಾತಲ್ಲ ಡೆಸ್. ನಾನು ಇಳಿದ ಮಾತು."

"ಹೂಂ, ಅದೇ. ಸ್ಕೋನ್ ತಗೋ."

ಆಗ ನಾನು ಎದ್ದು, ನಾನು ನೋಡಲಿಲ್ಲ, ಸುಳ್ಳು ಹೇಳಿದೆ, ನಿಯಮ ಮುರಿದು ಅವಳನ್ನು ಮೋಡದಲ್ಲಿ ಬಿಟ್ಟು ಬಂದೆ ಎನ್ನಬೇಕಿತ್ತು. ಕೂತೇ ಇದ್ದೆ. ಎಷ್ಟೋ ಜನರ ಮೇಲೆ ಜೋರು ಮಾಡಿದ ಬಾಯಿ ಆ ಹೊತ್ತು ಸ್ಕೋನ್ ಅಗಿಯುತ್ತಿತ್ತು. ನೋಲೀನ್ ಟಬ್ಬಿನಿಂದ ಒಂದು ಬಿಳಿ ಲೋಟ ತೆಗೆದುಕೊಂಡು ಚಹಾ ಬಗ್ಗಿಸಿಕೊಂಡು ಮೇಲೆ ಹೋದಳು. ಸುಸ್ತಾಗಿದೆ ಪಾಪ ಎಂದರು ಎಲ್ಲರೂ.

ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಯಾರೂ ಏಳುವ ಮೊದಲೇ ನಾನು ಹಲಗೆ ಹೊತ್ತು ಮೇಲೆ ಹೋದೆ. ಗೂನಿನ ನೆತ್ತಿಯಿಂದ ಗುರುತು ಶುರುವಾಗಿತ್ತು. ಅಗಲವಾಗಿ, ಒಡ್ಡೊಡ್ಡಾಗಿ ಗೀಚಿದ ಗುರುತು, ಕಲಿಯುವವರದ್ದೇ. ಒಂದು, ಎರಡು, ಮೂರು ತಿರುವು. ನಾಲ್ಕನೆಯದರಲ್ಲಿ ಮೈ ಬಿದ್ದ ಗುಳಿ. ಅಲ್ಲಿಂದ ಐದು, ಆರು, ಹೀಗೆ ಹನ್ನೊಂದು. ಎಲ್ಲೂ ಕೂತು ಜಾರಿರಲಿಲ್ಲ. ಕೊನೆಯ ನಾಲ್ಕು ತಿರುವುಗಳಲ್ಲಿ ಕಣಿವೆ ಕಡೆಯ ಹಲಗೆ ಆಳಕ್ಕೆ ಕಚ್ಚಿತ್ತು. ಮೂರು ತಿಂಗಳು ನಾನು ಬಡಿದುಕೊಂಡದ್ದು ಅದನ್ನೇ. ಕಂಬದ ಸುತ್ತ ಹಿಮವನ್ನು ಯಾರೋ ಚಳಿಗೆ ಕಾಲು ಬಡಿದು ಬಡಿದು ಕಲ್ಲಿನಂತೆ ಮಾಡಿದ್ದರು. ಮೇಲೆ ಬಿಸಿಲು ಬಿದ್ದಲ್ಲಿ ಗುರುತುಗಳ ಅಂಚು ಆಗಲೇ ಕರಗುತ್ತಿತ್ತು. ಅಲ್ಲೇ ಕೂತು ಅತ್ತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕೆಳಗೆ ಬಂದಾಗ ಅವಳ ಮಂಚ ಖಾಲಿ. ಬೀಚ್ ಮರಗಳ ಕಾಡಿನ ಕಾಲುದಾರಿಯಲ್ಲಿ, ಕಾರು ನಿಲ್ಲಿಸುವ ಜಾಗ ಇನ್ನೂ ಅರ್ಧ ದೂರ ಇರುವಾಗ ಸಿಕ್ಕಿದಳು. ಕುಂಟುತ್ತಾ, ಒಂದೊಂದು ಹೆಜ್ಜೆಗೂ ಕೋಲು ಊರುತ್ತಾ ಹೋಗುತ್ತಿದ್ದಳು.

"ನೋಲೀನ್, ನಿಲ್ಲು. ಗುರುತು ನೋಡ್ದೆ. ಹನ್ನೊಂದು ತಿರುವು. ಬಾ ವಾಪಸ್. ಎಲ್ಲರನ್ನೂ ಎಬ್ಬಿಸಿ ಮೇಲೆ ಕರ್ಕೊಂಡು ಹೋಗಿ ತೋರಿಸ್ತೀನಿ. ನಾನು ಸುಳ್ಳು ಹೇಳಿದ್ದೂ ಹೇಳ್ತೀನಿ."

ಅವಳು ನಿಂತಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು.

"ಏನ್ ತೋರಿಸ್ತೀಯ? ಬೆಳಗಾಗೋ ಮೊದ್ಲು ಶೋನಾನೇ ಎದ್ದು ಹೋಗಿ ಗೀಚಿ ಬಂದಿದ್ದಾಳೆ ಅಂತಾರೆ. ನಗ್ತಾರೆ. ಪ್ರೀತಿಯಿಂದಲೇ ನಗ್ತಾರೆ."

"ಹಾಗಾದ್ರೆ ಮುಂದಿನ ವರ್ಷ. ಬಿಸಿಲಲ್ಲಿ, ಎಲ್ಲರ ಕಣ್ಣೆದುರಿಗೇ ಇಳೀಬಹುದು. ನಾನು..."

"ಈ ಮಂಡಿ ನೋಡಿದ್ಯಾ? ನೀನು ಮೂವತ್ತು ವರ್ಷ ಆಸ್ಪತ್ರೇಲಿ ಇದ್ದವಳು. ನೀನೇ ಹೇಳು, ಮುಂದಿನ ವರ್ಷ ಇದೆಯಾ?"

ನಾನು ಮಂಡಿ ನೋಡಿದೆ. ಪ್ಯಾಂಟಿನ ಮೇಲೆಯೇ ಊತ ಕಾಣುತ್ತಿತ್ತು. ಇದೆ ಎನ್ನಲು ಬಾಯಿ ತೆರೆದೆ. ಮತ್ತೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನೀನು ಏನೂ ಹೇಳದೆ ಸುಮ್ನೆ ಇದ್ದಿದ್ರೆ, ನಾನು ಬಾಗಿಲಲ್ಲಿ ನಿಂತು ಹೇಳಿದ್ದನ್ನ ಅವರು ನಂಬ್ತಿದ್ರು ಕಣೇ," ಎಂದಳು. ಆಮೇಲೆ ಕೋಲು ಊರಿಕೊಂಡು ಹೊರಟಳು.

ಅವಳು ಮತ್ತೆ ಬರಲಿಲ್ಲ. ಆ ಮಂಚ ಎರಡು ವರ್ಷ ಖಾಲಿಯೇ ಇತ್ತು, ಆಮೇಲೆ ಕೊಟ್ಟರು. ಡೆಸ್‌ಗೆ, ಉಳಿದವರಿಗೆ, ಹೊಸದಾಗಿ ಸೇರಿದವರಿಗೂ ನಾನು ಎಲ್ಲವನ್ನೂ ಹೇಳಿದ್ದೇನೆ, ಒಂದಲ್ಲ ಹತ್ತು ಸಲ. ನಾನು ನೋಡಲಿಲ್ಲ, ಆದರೂ ಅವಳು ಇಳಿದದ್ದು ನಿಜ ಎಂದು. ಅವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಶೋನಾ ಬಾಯಿ ಜೋರು, ಆದರೆ ಮನಸ್ಸು ಬೆಣ್ಣೆ, ಆ ಮುದುಕಿಯ ಮರ್ಯಾದೆ ಇವತ್ತಿಗೂ ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ. ಆಮೇಲೆ ನನ್ನ ಬೆನ್ನು ಸವರಿ, ಹೂಂ ಹೂಂ, ಇಳಿದಳು ಎನ್ನುತ್ತಾರೆ.